ವಿಳಾಸ

ಚಿಂತಾಮಣಿಯ ಚೇಳೂರು ರಸ್ತೆಯ ಲ್ಯಾಬಿನಲ್ಲಿ
ಹತ್ತೊಂಬತ್ತು ವರ್ಷದಿಂದ ಎಣಿಸುತ್ತಿದ್ದೇನೆ.
ಕೆಳಗೆ ಗೊಬ್ಬರದಂಗಡಿ, ಮೇಲೆ ನಾವು.
ಮೆಟ್ಟಿಲು ಹತ್ತುವವನನ್ನು ಕಂಡವರು
ಯೂರಿಯಾಗೆ ಬಂದ ಅಂದುಕೊಳ್ಳಲಿ ಎಂದೇ
ಬೋರ್ಡು ಚಿಕ್ಕದಾಗಿ ಬರೆಸಿದ್ದಾರೆ ಯಜಮಾನರು.

ಹೆಂಗಸರ ಫೈಲು ಮೊದಲು ಬರುತ್ತದೆ, ದಪ್ಪಗೆ.
ನಾಲ್ಕು ವರ್ಷದ ಸ್ಕ್ಯಾನು, ಥೈರಾಯ್ಡು, ನಾಟಿ ಔಷಧದ ಚೀಟಿ,
ಮಣಿಕಟ್ಟಿನಲ್ಲಿ ಮುರುಗಮಲ್ಲದ ದಾರ.
ಎಲ್ಲ ಮುಗಿದ ಮೇಲೆ, ಕೊನೆಯ ಹಾಳೆಯಾಗಿ,
ಗಂಡ.

ಸಂತೆಯಿಲ್ಲದ ದಿನ ನೋಡಿ ಬರುತ್ತಾನೆ.
ಒಳಜೇಬಿನಲ್ಲಿ ಡಬ್ಬಿ, ಮೈಬಿಸಿ ಆರದಂತೆ.
ಕೊಡುವಾಗ ಕಣ್ಣು ಗೋಡೆಯ ಕ್ಯಾಲೆಂಡರಿನ ಮೇಲೆ.
ಹೆಸರು? ಎಂದರೆ ತುಸು ಯೋಚಿಸುತ್ತಾನೆ.
ತನ್ನ ಹೆಸರಿಗೆ ಯಾರು ಯೋಚಿಸುತ್ತಾರೆ?
ಕದಿರಪ್ಪ ಎಂದು ಬರೆಸಿದವನನ್ನು ಒಮ್ಮೆ
ಕೆಳಗಿನಿಂದ ಭಾಮೈದ ಕೂಗಿದ:
"ಪಿಳ್ಳಣ್ಣ ಬಾವಾ, ಬಸ್ಸು ಹೊರಡ್ತದೆ!"

ಅರ್ಧ ಗಂಟೆ ಬಿಡಬೇಕು, ತಿಳಿಯಾಗುವವರೆಗೆ.
ಆಮೇಲೆ ಒಂದು ಹನಿ. ಗಾಜಿನ ಮೇಲೆ ಗೀರಿದ ಚೌಕಗಳು,
ಬದು ಹಾಕಿದ ಮಡಿಗಳ ಹಾಗೆ.
ಒಂದರಲ್ಲಿ ಕಾಲಿಡಲು ಜಾಗವಿಲ್ಲ,
ಒಂದರಲ್ಲಿ ಕಳೆ ಕಿತ್ತು ಎದ್ದು ಹೋದಂತೆ.
ಬಾಲ ಡೊಂಕಾದವು, ಎರಡು ತಲೆಯವು,
ನಿಂತಲ್ಲೇ ಸುತ್ತುತ್ತ ದಾರಿ ಕೇಳುವವು.
ಎಡಗೈ ಹೆಬ್ಬೆರಳು ಒತ್ತುತ್ತದೆ, ಟಕ್, ಟಕ್.
ಕೆಲವು ದಿನ ಟಕ್ ಎನ್ನದೆಯೇ ಹೊತ್ತು ಹೋಗುತ್ತದೆ.
ಆಗ ಇನ್ನೊಂದು ಹನಿ ತೆಗೆಯುತ್ತೇನೆ. ಮತ್ತೊಂದು.
ಯಾರೂ ಹೇಳಿಲ್ಲ ಹಾಗೆ ಮಾಡು ಎಂದು.

ಬೆಂಚಿನಲ್ಲಿ ಕೂತವ ತೆಲುಗಿನಲ್ಲಿ ಕೇಳುತ್ತಾನೆ: "ಎನ್ನಿ?"
ನನ್ನ ಕಿವಿಗೆ ಅದು ಕನ್ನಡ: ಎಣಿ.
ಎಣಿಸುತ್ತಿದ್ದೇನಪ್ಪ.

ಹೋದ ತಿಂಗಳು ಡಾಕ್ಟರ್ ಕನಕವಲ್ಲಿ ಬಂದರು, ಸರ್ವೆಗೆ.
ಯಾವ ಸೀಮೆಯ ಗಂಡಸಿನಲ್ಲಿ ಎಷ್ಟು, ಅದೇ ಲೆಕ್ಕ.
ಹೆಸರು ಬೇಡ, ಊರು ಸಾಕು ಎಂದರು.
ಎರಡು ದಿನ ನಾನು ಓದಿದೆ, ಅವರು ಒತ್ತಿದರು;
ಪರದೆಯ ಮೇಲೆ ಬಣ್ಣ ಏರಿತು.
ಬಾಗೇಪಲ್ಲಿ ಕೆಂಪು. ಶ್ರೀನಿವಾಸಪುರ ಹಳದಿ.
ಚಿಂತಾಮಣಿ, ಅಚ್ಚ ಹಸಿರು.
"ನಿಮ್ಮೂರಿನವರು ಗಟ್ಟಿ" ಎಂದು ನಕ್ಕರು.
ನೀರಿರಬಹುದು, ಸಿಂಪಡಿಸುವ ಔಷಧಿ ಇರಬಹುದು,
ಬಿಸಿಲು, ಬೀಡಿ, ಎಂದೆಲ್ಲ ಬರೆದುಕೊಂಡರು.

ಇರಬಹುದು. ನಾನೇನು ಕಲಿತವನು, ಬೇಡ ಎನ್ನಲು?
ಆದರೆ ಬಾಗೇಪಲ್ಲಿ ಎಂದು ಬರೆಸಿದವನ ಬೆರಳ ತುದಿ
ಬೆಳ್ಳಗೆ, ನೆನೆದು ಸುಕ್ಕಾಗಿತ್ತು.
ಬೇಯುವ ಗೂಡಿನ ವಾಸನೆ ಅಂಗಿಯಲ್ಲಿ.
ದಿನವಿಡೀ ಬಿಸಿನೀರಿನ ಬಾಣಲೆಯ ಮುಂದೆ ಕೂತು
ರೇಷ್ಮೆ ಎಳೆಯುವ ಶಿಡ್ಲಘಟ್ಟದ ಕೈ ಅದು.
ಕೋಲಾರ ಎಂದವನ ಹಲ್ಲು ಕಂದು ಪಟ್ಟೆ ಪಟ್ಟೆ,
ಕೊರೆದಷ್ಟೂ ಆಳದ ಯಾವ ಬೋರಿನ ನೀರೆಂದು
ಅವನು ಬಾಯಿ ಮುಚ್ಚಿದರೂ ಗೊತ್ತಾಗುತ್ತಿತ್ತು.
ಶ್ರೀನಿವಾಸಪುರದವನ ಕೈಗೆ ಟೊಮೆಟೊ ಗಿಡದ ಕಪ್ಪು,
ಇಲ್ಲೇ, ಕೈವಾರದ ದಾರಿಯಲ್ಲಿ,
ಅವನ ತೋಟ ನಾನು ದಿನಾ ದಾಟುತ್ತೇನೆ.

ಚಿಂತಾಮಣಿ ಎಂದು ಬರೆಸಿದವರು ಎಲ್ಲ ಸೇರಿ ಹದಿನಾಲ್ಕು ಜನ.
ಒಂದು ಮಗುವಾಗಿ ಎರಡನೆಯದಕ್ಕೆ ಬಂದವರು,
ಎದೆಯೆತ್ತಿ ಮೆಟ್ಟಿಲು ಹತ್ತಿದವರು.

ಹೇಳಬೇಕಿತ್ತು ಡಾಕ್ಟರಮ್ಮನಿಗೆ:
ಅಮ್ಮಾ, ಇದು ವೀರ್ಯದ ನಕ್ಷೆಯಲ್ಲ,
ಯಾರು ಎಷ್ಟು ದೂರ ಓಡಿದರು ಎಂಬುದರ ನಕ್ಷೆ.
ನಾಲಿಗೆ ಏಳಲಿಲ್ಲ. ಕಾಫಿ ತರಿಸಿದೆ.

ಯಾಕೆಂದರೆ ಮದನಪಲ್ಲಿಯ ಒಂದು ಲ್ಯಾಬಿನಲ್ಲಿ,
ಹನ್ನೊಂದು ವರ್ಷದ ಹಿಂದಿನ ರಿಜಿಸ್ಟರಿನಲ್ಲಿ,
ಪುಂಗನೂರಿನ ಒಬ್ಬ ಗಂಡಸಿದ್ದಾನೆ.
ಅವನ ಮುಂದೆ ಬರೆದ ಅಂಕಿ ತೀರ ಸಣ್ಣದು.
ಎಣಿಸಿದವ ಯಾರೋ, ಮೂರು ಹನಿ ನೋಡಿದನಂತೆ.
ನಾನು ತಲೆಯಾಡಿಸಿ ಗಡಿ ದಾಟಿ ಬಸ್ಸು ಹತ್ತಿದೆ.

ಪುಂಗನೂರನ್ನು ನಾನಿನ್ನೂ ನೋಡಿಲ್ಲ.
ಗಿಡ್ಡ ಹಸುಗಳ ಊರಂತೆ,
ಅಷ್ಟು ಮಾತ್ರ ಗೊತ್ತು.